ತೊರೆ ದಾಟಿದರೆ ಬೇರೆ ದುಡ್ಡು

ಊರು ಒಂದೇ, ನಡುವೆ ಸಣ್ಣ ತೊರೆ. ಈಚೆ ದಡ ಎಸ್ಟೋನಿಯಾ, ಆಚೆ ದಡ ಲಾಟ್ವಿಯಾ. ಮೂರು ವರ್ಷ ಒಂದು ದಡದಲ್ಲಿ ಯೂರೊ ನಡೆಯಿತು, ಇನ್ನೊಂದರಲ್ಲಿ ಲಾಟ್ಸ್. ಬಾಲ್ಟಿಕ್ ಕರಾವಳಿಯ ಮೂರು ಪುಟ್ಟ ದೇಶಗಳು ಒಂದೇ ಹಣಕ್ಕಾಗಿ ಸವೆಸಿದ ದಾರಿ ಇದು. ಹಣ ಒಂದಾದ ಮೇಲೂ ಗಡಿಯಂಗಡಿಗಳ ಪೈಪೋಟಿ ನಿಲ್ಲದ ಕಥೆಯೂ ಹೌದು.

2013ರ ಡಿಸೆಂಬರ್. ಆ ಭಾಗದಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು ಕವಿಯುವ ಕಾಲ. ಲಾಟ್ವಿಯಾದ ವಲ್ಕಾ ಊರಿನ ದಿನಸಿ ಅಂಗಡಿಗಳಲ್ಲಿ ಪ್ರತಿ ಸಾಮಾನಿನ ಕೆಳಗೂ ಎರಡು ಬೆಲೆ. 70 ಸಾಂತೀಮ್‌ನ ವಸ್ತುವಿನ ಪಕ್ಕದಲ್ಲೇ 1 ಯೂರೊ ಎಂಬ ಚೀಟಿ. ಮೊದಲನೆಯದು ಇನ್ನು ಕೆಲವೇ ದಿನ ನಡೆಯುವ ದುಡ್ಡು, ಎರಡನೆಯದು ಹೊಸ ವರ್ಷಕ್ಕೆ ಬರಲಿರುವ ದುಡ್ಡು.

ಅಲ್ಲಿಂದ ಕೆಲವು ನಿಮಿಷ ನಡೆದರೆ ಪಾಸ್‌ಪೋರ್ಟ್ ಕೇಳುವವರಿಲ್ಲದ ಗಡಿ. ಅದರಾಚೆ ವಲ್ಗಾ, ಅಂದರೆ ಎಸ್ಟೋನಿಯಾ. ಅಲ್ಲಿ 2011ರಿಂದಲೇ ಯೂರೊ. ಅದಕ್ಕೂ ಹಿಂದೆ ಅಲ್ಲಿ ನಡೆಯುತ್ತಿದ್ದದ್ದು ಕ್ರೂನ್. ಎರಡು ದಡಗಳಲ್ಲೂ ಬದುಕು ಹರಡಿಕೊಂಡವರ ಜೇಬಿನಲ್ಲಿ ಎರಡು ದೇಶಗಳ ಚಿಲ್ಲರೆ ಇರಲೇಬೇಕಿತ್ತು.

2014ರ ಜನವರಿ 1ರಂದು ಅದು ತಪ್ಪಿತು. ತೊಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಎರಡು ದೇಶಗಳಿಗೆ ಸೇರಿದ್ದ ಊರಿಗೆ ಒಂದೇ ಹಣ ಬಂತು. ಗಡಿ ಅಳಿಸಿಹೋಯಿತೆಂದು ಹಲವರು ಅಂದುಕೊಂಡರು. ಆಮೇಲಿನ ವರ್ಷಗಳು ತೋರಿಸಿದ್ದು ಬೇರೆಯೇ: ಗಡಿಯಲ್ಲಿ ಹಣ ಒಂದು ಪದರ ಮಾತ್ರ. ಅದನ್ನು ಸುಲಿದ ಮೇಲೆ ಕೆಳಗಿದ್ದ ತೆರಿಗೆ ಮತ್ತು ಸಂಬಳದ ಪದರಗಳು ಇನ್ನಷ್ಟು ನಿಚ್ಚಳವಾಗಿ ಕಂಡವು.

ಕರ್ನಲ್ ಎಳೆದ ಗೆರೆ

ಇಡೀ ಊರಿಗೆ ಜರ್ಮನರು ಇಟ್ಟಿದ್ದ ಹೆಸರು ವಾಲ್ಕ್. ಮೊದಲ ಮಹಾಯುದ್ಧದ ಬಳಿಕ ಎಸ್ಟೋನಿಯಾ, ಲಾಟ್ವಿಯಾಗಳು ಸ್ವತಂತ್ರವಾದಾಗ ಈ ರೈಲ್ವೆ ಜಂಕ್ಷನ್ ತಮಗೇ ಬೇಕೆಂದು ಎರಡೂ ಪಟ್ಟು ಹಿಡಿದವು. ಮಾತುಕತೆ ಬಗೆಹರಿಯಲಿಲ್ಲ. ಮಧ್ಯಸ್ಥಿಕೆಗೆ ಬಂದ ಬ್ರಿಟಿಷ್ ಕರ್ನಲ್ ಸ್ಟೀಫನ್ ಟ್ಯಾಲೆಂಟ್ಸ್ 1920ರ ಜುಲೈನಲ್ಲಿ ಊರಿನ ನಡುವೆಯೇ ಗೆರೆ ಎಳೆದರು. ರೈಲು ನಿಲ್ದಾಣ ಮತ್ತು ಊರಿನ ಹೆಚ್ಚಿನ ಭಾಗ ಎಸ್ಟೋನಿಯಾದ ಪಾಲಾಯಿತು.

ಸೋವಿಯತ್ ಆಳ್ವಿಕೆಯಲ್ಲಿ ಆ ಗೆರೆಗೆ ಬೆಲೆ ಇರಲಿಲ್ಲ. ಎರಡೂ ಕಡೆ ರೂಬಲ್, ಎರಡೂ ಕಡೆ ಮಾಸ್ಕೋದ ಆಡಳಿತ. 1991ರಲ್ಲಿ ಸ್ವಾತಂತ್ರ್ಯ ಮರಳಿದಾಗ ಗೆರೆಯೂ ಮರಳಿತು, ಬೀದಿಗಳಿಗೆ ಬೇಲಿ ಬಂತು. ಒಂದೇ ಊರಿನವರು ಸರದಿಯಲ್ಲಿ ನಿಂತು ಗುರುತುಪತ್ರ ತೋರಿಸಬೇಕಾಯಿತು. 2004ರ ಮೇ 1ರಂದು ಎರಡೂ ದೇಶಗಳು ಯುರೋಪಿಯನ್ ಒಕ್ಕೂಟ ಸೇರಿದವು. 2007ರ ಡಿಸೆಂಬರ್ 21ರಂದು ಷೆಂಗೆನ್ ವ್ಯವಸ್ಥೆಯೊಳಗೆ ಬಂದ ಮೇಲೆ ತಪಾಸಣಾ ಠಾಣೆಗಳು ತೆರವಾದವು. ಊರು ತನ್ನನ್ನು ‘ಒಂದು ಪಟ್ಟಣ, ಎರಡು ದೇಶ’ ಎಂದು ಪರಿಚಯಿಸಿಕೊಳ್ಳತೊಡಗಿತು. ಬೇರೆಯಾಗಿಯೇ ಉಳಿದಿದ್ದು ದುಡ್ಡು.

ರೂಬಲ್‌ನಿಂದ ಬಿಡುಗಡೆ

ಈ ದೇಶಗಳಿಗೆ ಸ್ವಂತ ನಾಣ್ಯ ಎಂದರೆ ವ್ಯಾಪಾರದ ಅನುಕೂಲವಷ್ಟೇ ಅಲ್ಲ, ಸ್ವಾತಂತ್ರ್ಯದ ಸಾಕ್ಷಿ. ಅದನ್ನು ಮರೆತರೆ ಯೂರೊಗೆ ಎದುರಾದ ವಿರೋಧ ಅರ್ಥವಾಗುವುದಿಲ್ಲ.

1992ರ ಹೊತ್ತಿಗೆ ರೂಬಲ್ ದಿನದಿಂದ ದಿನಕ್ಕೆ ಕುಸಿಯುತ್ತಿತ್ತು. ಆ ವರ್ಷದ ಜೂನ್ 20ರಂದು ಎಸ್ಟೋನಿಯಾ ಕ್ರೂನ್ ಚಲಾವಣೆಗೆ ತಂದಿತು. ಒಬ್ಬೊಬ್ಬ ನಿವಾಸಿಗೆ 1,500 ರೂಬಲ್ ಬದಲಿಸಿಕೊಳ್ಳಲು ಅವಕಾಶ. 10 ರೂಬಲ್‌ಗೆ 1 ಕ್ರೂನ್‌ನಂತೆ ಕೈಗೆ ಬಂದದ್ದು 150 ಕ್ರೂನ್. 8 ಕ್ರೂನ್‌ಗೆ 1 ಜರ್ಮನ್ ಮಾರ್ಕ್ ಎಂದು ದರವನ್ನು ಕಾನೂನಿನಲ್ಲೇ ಕಟ್ಟಿಹಾಕಿದರು. ಬೊಕ್ಕಸದಲ್ಲಿ ವಿದೇಶಿ ಹಣ ಇಲ್ಲವೇ ಚಿನ್ನ ಇದ್ದಷ್ಟೇ ಕ್ರೂನ್ ಅಚ್ಚು ಹಾಕುವ ಬಿಗಿ ಏರ್ಪಾಡು ಅದು. ಮಹಾಯುದ್ಧಕ್ಕೆ ಮುಂಚೆ ಪಶ್ಚಿಮದ ಬ್ಯಾಂಕುಗಳಲ್ಲಿ ಇರಿಸಿದ್ದ ಚಿನ್ನ ವಾಪಸು ಸಿಕ್ಕಿದ್ದು ಅದಕ್ಕೆ ಬಲ ಕೊಟ್ಟಿತು.

ಲಾಟ್ವಿಯಾ ತಾತ್ಕಾಲಿಕ ರೂಬಲ್ ಚೀಟಿಗಳಿಂದ ಆರಂಭಿಸಿ 1993ರಲ್ಲಿ ಲಾಟ್ಸ್ ತಂದಿತು. 1 ಲಾಟ್ಸ್‌ಗೆ 200 ಲಾಟ್ವಿಯನ್ ರೂಬಲ್. ಲಿಥುವೇನಿಯಾದ ಲಿಟಾಸ್ ಅದೇ ವರ್ಷದ ಜೂನ್‌ನಲ್ಲಿ ಬಂತು. ಮೊದಲು ಅದನ್ನು ಅಮೆರಿಕದ ಡಾಲರಿಗೆ ಕಟ್ಟಿದರು, 2002ರ ಫೆಬ್ರುವರಿಯಲ್ಲಿ ಯೂರೊಗೆ ಬದಲಿಸಿದರು. ಲಾಟ್ಸ್ 2005ರಲ್ಲಿ ಯೂರೊಗೆ ಅಂಟಿಕೊಂಡಿತು. ಮಾರ್ಕ್ ಯೂರೊ ಒಳಗೆ ಕರಗಿದಾಗ ಕ್ರೂನ್ ತಾನಾಗಿಯೇ ಯೂರೊ ಜೊತೆ ಸೇರಿಹೋಗಿತ್ತು. ಅಂದರೆ ಲೆಕ್ಕದಲ್ಲಿ ಮೂರೂ ದೇಶಗಳು ಯೂರೊ ನೆರಳಲ್ಲೇ ಇದ್ದವು. ಅದರ ಬಡ್ಡಿದರ ತೀರ್ಮಾನಿಸುವ ಮೇಜಿನಲ್ಲಿ ಮಾತ್ರ ಅವಕ್ಕೆ ಕುರ್ಚಿ ಇರಲಿಲ್ಲ.

ಒಕ್ಕೂಟ ಸೇರುವ ಒಪ್ಪಂದದಲ್ಲೇ ಮುಂದೊಂದು ದಿನ ಯೂರೊ ಒಪ್ಪಬೇಕೆಂಬ ಷರತ್ತಿತ್ತು. ಹಾಗಾಗಿ ಪ್ರತ್ಯೇಕ ಜನಮತಗಣನೆ ನಡೆಯಲಿಲ್ಲ. ಬಾಗಿಲು ಯಾವಾಗ ತೆರೆಯುತ್ತದೆ ಎಂಬುದಷ್ಟೇ ಉಳಿದಿದ್ದ ಪ್ರಶ್ನೆ.

> ಬಾಗಿಲಿಗೆ ಐದು ಬೀಗ
> ಯೂರೊ ವಲಯ ಸೇರಲು 1992ರ ಮಾಸ್ಟ್ರಿಕ್ಟ್ ಒಪ್ಪಂದದ ಷರತ್ತುಗಳನ್ನು ದಾಟಬೇಕು. ಹಣದುಬ್ಬರ, ಒಕ್ಕೂಟದಲ್ಲಿ ಅತಿ ಕಡಿಮೆ ಇರುವ ಮೂರು ದೇಶಗಳ ಸರಾಸರಿಗಿಂತ 1.5 ಅಂಶ ಮೀರಬಾರದು. ಬಜೆಟ್ ಕೊರತೆ ಜಿಡಿಪಿಯ ಶೇ 3ರೊಳಗೆ, ಸರ್ಕಾರದ ಸಾಲ ಶೇ 60ರೊಳಗೆ ಇರಬೇಕು, ಇಲ್ಲವೇ ಆ ಕಡೆಗೆ ಇಳಿಯುತ್ತಿರಬೇಕು. ದೀರ್ಘಾವಧಿ ಬಡ್ಡಿದರಕ್ಕೂ ಮಿತಿ ಇದೆ. ಕೊನೆಯದಾಗಿ, ದೇಶದ ನಾಣ್ಯ ಕನಿಷ್ಠ ಎರಡು ವರ್ಷ ಯೂರೊ ಜೊತೆ ನಿಗದಿತ ದರದ ಆಸುಪಾಸಿನಲ್ಲಿ ಅಲುಗಾಡದೆ ನಿಲ್ಲಬೇಕು.

ದಶಮಾಂಶ ಒಂದರಲ್ಲಿ ತಪ್ಪಿದ ಲಿಥುವೇನಿಯಾ

2006ರಲ್ಲಿ ಮೊದಲು ಬಾಗಿಲು ತಟ್ಟಿದ್ದು ಲಿಥುವೇನಿಯಾ. ಅದರ ಹಣದುಬ್ಬರ ಶೇ 2.7, ಅಂದಿನ ಮಿತಿ ಶೇ 2.6. ಆ ಒಂದು ದಶಮಾಂಶಕ್ಕೆ ಅರ್ಜಿ ಬಿದ್ದುಹೋಯಿತು. ಮಿತಿಯನ್ನು ಲೆಕ್ಕ ಹಾಕಲು ಹಿಡಿದ ಮೂರು ದೇಶಗಳ ಪೈಕಿ ಸ್ವೀಡನ್, ಪೋಲೆಂಡ್ ಎರಡೂ ಯೂರೊ ಬಳಸದವು. ವಿಲ್ನಿಯಸ್‌ನಲ್ಲಿ ಇದು ಅನ್ಯಾಯವೆಂಬ ಭಾವನೆ ಬಲವಾಯಿತು, ಅದರಲ್ಲಿ ಹುರುಳೂ ಇತ್ತು. ಅದೇ ಪರೀಕ್ಷೆಯಲ್ಲಿ ಗೆದ್ದ ಸ್ಲೊವೇನಿಯಾ 2007ರಲ್ಲಿ ಯೂರೊ ಸೇರಿತು. ಲಿಥುವೇನಿಯಾ ಇನ್ನೂ ಎಂಟು ವರ್ಷ ಹೊರಗೆ ನಿಂತಿತು.

ಎಸ್ಟೋನಿಯಾಕ್ಕೂ 2007ರ ಗುರಿ ಇತ್ತು. ಸಾಲದ ಹಣದಲ್ಲಿ ಮನೆ, ನಿವೇಶನಗಳ ಬೆಲೆ ಉಬ್ಬಿದ್ದ ಕಾಲವದು. ಹಣದುಬ್ಬರ ಏರಿ ಗುರಿ ಕೈತಪ್ಪಿತು. ಆಮೇಲೆ ಬಂದದ್ದು 2008ರ ಬಿಕ್ಕಟ್ಟು.

ನಾಣ್ಯ ಉಳಿಯಲಿ, ಸಂಬಳ ಕಡಿಯಲಿ

2008ರ ನವೆಂಬರ್‌ನಲ್ಲಿ ಲಾಟ್ವಿಯಾದ ದೊಡ್ಡ ಬ್ಯಾಂಕುಗಳಲ್ಲಿ ಒಂದಾದ ಪರೆಕ್ಸ್ ಕುಸಿಯಿತು, ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡಿತು. ಡಿಸೆಂಬರ್‌ನಲ್ಲಿ ಐಎಂಎಫ್, ಯುರೋಪಿಯನ್ ಒಕ್ಕೂಟ, ನೆರೆಯ ನಾರ್ಡಿಕ್ ದೇಶಗಳು ಸೇರಿ 750 ಕೋಟಿ ಯೂರೊ ನೆರವು ಘೋಷಿಸಿದವು.

ಇಂಥ ಹೊತ್ತಿನಲ್ಲಿ ದೇಶಗಳು ಸಾಮಾನ್ಯವಾಗಿ ನಾಣ್ಯದ ಬೆಲೆ ಇಳಿಸುತ್ತವೆ. ರಫ್ತು ಅಗ್ಗವಾಗುತ್ತದೆ, ಆಮದು ದುಬಾರಿಯಾಗುತ್ತದೆ, ಕಷ್ಟ ಎಲ್ಲರಿಗೂ ಹಂಚಿಹೋಗುತ್ತದೆ. ಹಲವು ಅರ್ಥಶಾಸ್ತ್ರಜ್ಞರು ಲಾಟ್ವಿಯಾಕ್ಕೆ ಕೊಟ್ಟ ಸಲಹೆಯೂ ಅದೇ. ಆದರೆ ಅಲ್ಲಿನ ಬಹುಪಾಲು ಸಾಲ ಯೂರೊದಲ್ಲಿತ್ತು. ಮನೆ ಸಾಲದ ಕಂತು ಯೂರೊದಲ್ಲಿ, ಸಂಬಳ ಲಾಟ್ಸ್‌ನಲ್ಲಿ. ಲಾಟ್ಸ್ ಇಳಿದ ದಿನವೇ ಕಂತಿನ ಹೊರೆ ಏರುತ್ತಿತ್ತು. ನೆರೆಮನೆಯ ಭಯವೂ ಇತ್ತು: ಲಾಟ್ಸ್ ಬಿದ್ದರೆ ಕ್ರೂನ್, ಲಿಟಾಸ್‌ಗಳ ಮೇಲಿನ ನಂಬಿಕೆಯೂ ಬೀಳುತ್ತಿತ್ತು. ಸಾಲ ಕೊಟ್ಟಿದ್ದ ಸ್ವೀಡನ್ನಿನ ಬ್ಯಾಂಕುಗಳಿಗೂ ಅದೇ ಆತಂಕ.

ಹಾಗಾಗಿ ದರವನ್ನು ಮುಟ್ಟದೆ ಸಂಬಳ, ಪಿಂಚಣಿ, ಸರ್ಕಾರಿ ಖರ್ಚುಗಳಿಗೆ ಕತ್ತರಿ ಹಾಕಿದರು. 2009ರ ಮಾರ್ಚ್‌ನಲ್ಲಿ ಪ್ರಧಾನಿಯಾದ ವಾಲ್ದಿಸ್ ದೊಂಬ್ರೊವ್ಸ್ಕಿಸ್ ಈ ದಾರಿಯ ಮುಖವಾದರು. ಆಸ್ಪತ್ರೆ, ಶಾಲೆಗಳು ಮುಚ್ಚಿದವು. ಶಿಕ್ಷಕರ ಸಂಬಳ ಇಳಿಯಿತು. 2010ರ ಆರಂಭದಲ್ಲಿ ಐವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ದುಡಿಯುವ ವಯಸ್ಸಿನವರು ಐರ್ಲೆಂಡ್, ಬ್ರಿಟನ್‌ಗಳಿಗೆ ಹೊರಟರು. 2000ದ ಜನಗಣತಿಯಲ್ಲಿ ಸುಮಾರು 23.8 ಲಕ್ಷವಿದ್ದ ಲಾಟ್ವಿಯಾದ ಜನಸಂಖ್ಯೆ 2011ರಲ್ಲಿ ಸುಮಾರು 20.7 ಲಕ್ಷ. ಇಳಿಕೆಗೆ ಜನನ ಪ್ರಮಾಣವೂ ಕಾರಣ, ಆದರೆ ವಲಸೆಯ ಪಾಲು ದೊಡ್ಡದು.

ಆರ್ಥಿಕತೆ ಚೇತರಿಸಿಕೊಂಡಿತು. ಬ್ರಸೆಲ್ಸ್‌ನಲ್ಲಿ ಇದು ಶಿಸ್ತಿನ ಮಾದರಿ ಎನಿಸಿತು. ಯೂರೊ ಹೊಸ್ತಿಲ ಬೆಲೆಯನ್ನು ಲೆಕ್ಕ ಹಾಕುವಾಗ ಹೊರಟುಹೋದ ಈ ಜನರನ್ನೂ ಎಣಿಸಬೇಕು.

ಎಸ್ಟೋನಿಯಾ ಅದೇ ದಾರಿಯಲ್ಲಿ ಇನ್ನೂ ಬೇಗ ನಡೆಯಿತು. ಅದರ ಸರ್ಕಾರಿ ಸಾಲ ಒಕ್ಕೂಟದಲ್ಲೇ ಅತಿ ಕಡಿಮೆ, ಜಿಡಿಪಿಯ ಶೇ 7ರಷ್ಟು. ಬಿಕ್ಕಟ್ಟಿನಿಂದ ಬೆಲೆಗಳೂ ತಣ್ಣಗಾದವು. ಗ್ರೀಸ್‌ನ ಸಾಲದ ಬಿರುಗಾಳಿಗೆ ಯೂರೊ ವಲಯವೇ ನಡುಗುತ್ತಿದ್ದ 2010ರ ಜುಲೈನಲ್ಲಿ ಎಸ್ಟೋನಿಯಾದ ಪ್ರವೇಶಕ್ಕೆ ಒಪ್ಪಿಗೆ ಸಿಕ್ಕಿತು. ಅದು 17ನೇ ಸದಸ್ಯ ದೇಶ.

ಸಿದ್ಧತೆಯ ತಿಂಗಳುಗಳು

ಒಂದು ದೇಶದ ದುಡ್ಡನ್ನು ಒಂದೇ ರಾತ್ರಿಯಲ್ಲಿ ಬದಲಿಸುವುದು ಸಾಗಣೆಯ ದೊಡ್ಡ ಕಾರ್ಯಾಚರಣೆ. ಎಸ್ಟೋನಿಯಾದ ನಾಣ್ಯಗಳು ಫಿನ್ಲೆಂಡಿನ ಟಂಕಸಾಲೆಯಲ್ಲಿ, ಲಾಟ್ವಿಯಾದವು ಜರ್ಮನಿಯ ಬಾಡನ್-ವುರ್ಟೆಂಬರ್ಗ್ ಟಂಕಸಾಲೆಯಲ್ಲಿ ಅಚ್ಚಾದವು. ಲಿಥುವೇನಿಯಾ ತನ್ನದೇ ಟಂಕಸಾಲೆಯಲ್ಲಿ ಹೊಡೆಸಿತು. ನೋಟುಗಳು ಎಲ್ಲ ದೇಶಗಳಿಗೂ ಒಂದೇ ಆದ್ದರಿಂದ ಕಡ ತರಬಹುದು. ಲಿಥುವೇನಿಯಾ ಜರ್ಮನಿಯ ಕೇಂದ್ರ ಬ್ಯಾಂಕಿನಿಂದ 13.2 ಕೋಟಿ ನೋಟುಗಳನ್ನು ಕಡ ತಂದಿತು.

ಹೊಸ ದುಡ್ಡು ತಿಂಗಳುಗಳ ಮೊದಲೇ ಬ್ಯಾಂಕುಗಳನ್ನು ಸೇರಬೇಕು, ಅಲ್ಲಿಂದ ಅಂಗಡಿಗಳಿಗೆ ಹೋಗಬೇಕು. ನಿಗದಿತ ದಿನದವರೆಗೆ ಒಂದು ನೋಟೂ ಗಿರಾಕಿಯ ಕೈಗೆ ಸೇರಕೂಡದು. ಎಟಿಎಂ ಪೆಟ್ಟಿಗೆಗಳಿಂದ ಹಿಡಿದು ಗಲ್ಲಾದ ಬಿಲ್ಲಿಂಗ್ ಯಂತ್ರ, ನಾಣ್ಯ ನುಂಗುವ ಪಾರ್ಕಿಂಗ್ ಯಂತ್ರದವರೆಗೆ ಎಲ್ಲವನ್ನೂ ತಿದ್ದಬೇಕು. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಗಳಿಗಾಗಿ ಲಾಟ್ವಿಯಾದಲ್ಲಿ ಅಂಚೆ ಕಚೇರಿಗಳೇ ಲಾಟ್ಸ್ ಪಡೆದು ಯೂರೊ ಕೊಟ್ಟವು.

ಪರಿವರ್ತನೆಯ ದರಕ್ಕೆ ಆರು ಅಂಕಿ, ಅದನ್ನು ಮೊಟಕುಗೊಳಿಸುವಂತಿಲ್ಲ. 1 ಯೂರೊಗೆ 15.6466 ಕ್ರೂನ್, 0.702804 ಲಾಟ್ಸ್, 3.45280 ಲಿಟಾಸ್. ಲಾಟ್ಸ್ ವಿಷಯದಲ್ಲಿ ಒಂದು ವಿಶೇಷವಿತ್ತು. ಅದು ಯೂರೊಗಿಂತ ಬೆಲೆಬಾಳುವ ನಾಣ್ಯ. ಉಳಿದೆರಡು ದೇಶಗಳಲ್ಲಿ ಬೆಲೆಚೀಟಿಯ ಅಂಕಿ ಕುಗ್ಗಿದರೆ ಇಲ್ಲಿ ಹಿಗ್ಗಿತು: 10 ಲಾಟ್ಸ್‌ನ ಅಂಗಿಗೆ 14.23 ಯೂರೊ. ಸಂಬಳದ ಅಂಕಿಯೂ ಅಷ್ಟೇ ಹಿಗ್ಗಿತೆಂಬುದು ನಿಜ. ಆದರೂ ಅಂಗಡಿಗೆ ಹೋದವರ ಕಣ್ಣಿಗೆ ಬಿದ್ದದ್ದು ಬೆಲೆ.

ಬೆಲೆಯೇರಿಕೆಯ ಭಯ ಎಲ್ಲೆಡೆ ಇತ್ತು. ಎಸ್ಟೋನಿಯಾದ ವಾಣಿಜ್ಯ ಮಂಡಳಿ ಯೂರೊ ನೆಪದಲ್ಲಿ ಬೆಲೆ ಏರಿಸುವುದಿಲ್ಲವೆಂದು ವ್ಯಾಪಾರಿಗಳಿಂದ ಮಾತು ಪಡೆಯಿತು. ಲಾಟ್ವಿಯಾದಲ್ಲಿ ‘ಪ್ರಾಮಾಣಿಕ ಯೂರೊ’ ಅಭಿಯಾನಕ್ಕೆ ಸೇರಿದ ಅಂಗಡಿಗಳು ಬಾಗಿಲಿಗೆ ಅದರ ಚಿಹ್ನೆ ಅಂಟಿಸಿಕೊಂಡವು. 2002ರಲ್ಲಿ ಮೊದಲ ಹನ್ನೆರಡು ದೇಶಗಳಿಗೆ ಯೂರೊ ನೋಟು ಬಂದಾಗ ಬದಲಾವಣೆಯಿಂದಲೇ ಏರಿದ ಬೆಲೆ 0.12ರಿಂದ 0.29 ಶೇಕಡಾ ಅಂಶ ಎಂದು ಒಕ್ಕೂಟದ ಅಂಕಿಅಂಶ ಸಂಸ್ಥೆ ಯೂರೊಸ್ಟಾಟ್ ಅಂದಾಜಿಸಿತ್ತು. ಜನರಿಗೆ ಅನಿಸಿದ್ದು ಅದಕ್ಕಿಂತ ಬಹಳ ಹೆಚ್ಚು. ಕಾಫಿ, ಕ್ಷೌರ, ಹೋಟೆಲಿನ ಊಟದಂಥ ದಿನಬಳಕೆಯ ಚಿಕ್ಕ ಖರ್ಚುಗಳಲ್ಲಿ ಏರಿಕೆ ಎದ್ದು ಕಂಡಿತ್ತು. ಜನರ ಅನುಭವ ಸುಳ್ಳೇನೂ ಆಗಿರಲಿಲ್ಲ. ಸರಾಸರಿಯಲ್ಲಿ ಅದು ಮರೆಯಾಗಿತ್ತು.

> ನಾಣ್ಯದ ಪೊಟ್ಟಣ
> ಹೊಸ ದುಡ್ಡಿನ ಪರಿಚಯಕ್ಕೆಂದು ಡಿಸೆಂಬರ್‌ನಲ್ಲೇ ನಾಣ್ಯಗಳ ಪೊಟ್ಟಣ ಮಾರುವ ಪದ್ಧತಿ ಇದೆ. ಎಸ್ಟೋನಿಯಾದಲ್ಲಿ 200 ಕ್ರೂನ್ ಕೊಟ್ಟರೆ 12.79 ಯೂರೊ, ಲಾಟ್ವಿಯಾದಲ್ಲಿ 10 ಲಾಟ್ಸ್‌ಗೆ 14.23 ಯೂರೊ, ಲಿಥುವೇನಿಯಾದಲ್ಲಿ 40 ಲಿಟಾಸ್‌ಗೆ 11.59 ಯೂರೊ. ಹೊಸ ವರ್ಷಕ್ಕೆ ಮೊದಲು ಅವುಗಳಿಂದ ಏನನ್ನೂ ಕೊಳ್ಳುವಂತಿರಲಿಲ್ಲ.

ಮಿಲ್ಡಾ ಉಳಿದಳು

2011ರ ಹೊಸ ವರ್ಷದ ರಾತ್ರಿ ತಾಲಿನ್‌ನ ಒಪೆರಾ ಭವನದ ಬಳಿ ಪ್ರಧಾನಿ ಆಂದ್ರುಸ್ ಆನ್ಸಿಪ್ ಎಟಿಎಂನಿಂದ ಯೂರೊ ನೋಟು ತೆಗೆದರು. ಮೂರು ವರ್ಷದ ಬಳಿಕ ರಿಗಾದಲ್ಲಿ ದೊಂಬ್ರೊವ್ಸ್ಕಿಸ್ ಅದನ್ನೇ ಮಾಡಿದಾಗ ಪಕ್ಕದಲ್ಲಿ ಆನ್ಸಿಪ್ ಕೂಡ ಇದ್ದರು. ರಿಗಾದ ಸಂಭ್ರಮಕ್ಕೆ ಆಗ ಸೂತಕದ ನೆರಳಿತ್ತು. ನವೆಂಬರ್ 21ರಂದು ನಗರದ ಜೊಲಿತುದೆ ಬಡಾವಣೆಯಲ್ಲಿ ಸೂಪರ್ ಮಾರ್ಕೆಟ್ಟಿನ ಚಾವಣಿ ಕುಸಿದು 54 ಮಂದಿ ಸತ್ತಿದ್ದರು. ದೊಂಬ್ರೊವ್ಸ್ಕಿಸ್ ರಾಜೀನಾಮೆ ಕೊಟ್ಟು ಹಂಗಾಮಿ ಪ್ರಧಾನಿಯಾಗಿದ್ದರು.

ಅಭಿಪ್ರಾಯ ಸಂಗ್ರಹಗಳಲ್ಲಿ ಯೂರೊ ಬೇಡವೆಂದವರೇ ಲಾಟ್ವಿಯಾದಲ್ಲಿ ಹೆಚ್ಚಿದ್ದರು. ಲಾಟ್ಸ್ ಅವರಿಗೆ ಅಷ್ಟು ಹತ್ತಿರದ್ದು. ಕೊಕ್ಕರೆ, ಇರುವೆ, ಅಣಬೆ, ಚಿಮಣಿ ಗುಡಿಸುವವನ ಚಿತ್ರವಿದ್ದ 1 ಲಾಟ್ಸ್ ನಾಣ್ಯಗಳನ್ನು ಜನ ಕೂಡಿಡುತ್ತಿದ್ದರು. ಅದಕ್ಕೂ ಮಿಗಿಲಾದ ನೆನಪು 1929ರ 5 ಲಾಟ್ಸ್‌ನ ಬೆಳ್ಳಿ ನಾಣ್ಯ. ಅದರ ಮೇಲೆ ಲಾಟ್ವಿಯನ್ ಹೆಣ್ಣಿನ ಪಾರ್ಶ್ವಚಿತ್ರ. ಜನ ಆಕೆಯನ್ನು ಮಿಲ್ಡಾ ಎನ್ನುತ್ತಾರೆ. ಸೋವಿಯತ್ ದಿನಗಳಲ್ಲಿ ಎಷ್ಟೋ ಮನೆಗಳು ಆ ನಾಣ್ಯವನ್ನು ಗುಟ್ಟಾಗಿ ಕಾಪಾಡಿದ್ದವು. ಲಾಟ್ವಿಯಾ ತನ್ನ 1 ಮತ್ತು 2 ಯೂರೊ ನಾಣ್ಯಗಳ ಮೇಲೆ ಅದೇ ಮುಖವನ್ನು ಅಚ್ಚೊತ್ತಿಸಿತು. ಹೊಸ ದುಡ್ಡನ್ನು ಒಪ್ಪಿಸಲು ಯಾವ ಭಾಷಣಕ್ಕಿಂತಲೂ ಇದು ಹೆಚ್ಚು ಕೆಲಸ ಮಾಡಿರಬೇಕು.

ಎರಡು ವಾರ ಹಳೆಯದು, ಹೊಸದು ಎರಡೂ ನಡೆದವು. ಗಿರಾಕಿ ಲಾಟ್ಸ್ ಕೊಟ್ಟರೂ ಅಂಗಡಿಯವರು ಚಿಲ್ಲರೆ ಕೊಡುತ್ತಿದ್ದುದು ಯೂರೊದಲ್ಲೇ. ಹಳೆ ದುಡ್ಡು ಹಿಂದಿರುಗದಂತೆ ಬತ್ತಿಸುವ ಬಗೆ ಅದು. 2015ರ ಜನವರಿ 1ರಂದು ಲಿಥುವೇನಿಯಾವೂ ಬಂದು ಮೂವರು ನೆರೆಯವರ ಹಣ ಒಂದಾಯಿತು. ಮೂರೂ ದೇಶಗಳ ಕೇಂದ್ರ ಬ್ಯಾಂಕುಗಳು ಹಳೆಯ ನಾಣ್ಯ, ನೋಟುಗಳನ್ನು ಕಾಲಮಿತಿಯಿಲ್ಲದೆ ಬದಲಿಸಿ ಕೊಡುತ್ತವೆ.

ಬೆಲೆಚೀಟಿ ಮಾತಾಡಿತು

ಹಣ ಒಂದಾದರೆ ಗಡಿಯಲ್ಲಿ ಮೊದಲು ಮುಚ್ಚುವುದು ಹಣ ಬದಲಿಸುವ ಅಂಗಡಿ. ಕೊಳ್ಳುವ ದರಕ್ಕೂ ಮಾರುವ ದರಕ್ಕೂ ನಡುವಿನ ವ್ಯತ್ಯಾಸ ಅದರ ಆದಾಯ. ಆ ಹಣ ಗಿರಾಕಿಯ ಜೇಬಿನಲ್ಲಿ ಉಳಿಯಿತು. ಗಡಿಯಾಚೆ ಸರಕು ಕಳಿಸುವ ಸಣ್ಣ ವ್ಯಾಪಾರಿಗೆ ದರದ ಏರಿಳಿತದ ಚಿಂತೆ ತಪ್ಪಿತು.

ಎರಡನೆಯದು ಹೋಲಿಕೆ. ಆಲ್ಬರ್ಟೊ ಕವಾಯೊ, ಬ್ರೆಂಟ್ ನೈಮನ್, ರೊಬೆರ್ಟೊ ರಿಗೊಬಾನ್ ಎಂಬ ಅರ್ಥಶಾಸ್ತ್ರಜ್ಞರು ಲಾಟ್ವಿಯಾ ಯೂರೊ ಸೇರಿದ ದಿನಗಳಲ್ಲಿ ಆನ್‌ಲೈನ್ ಬೆಲೆಗಳನ್ನು ಗಮನಿಸಿದರು. ಅದಕ್ಕೆ ಮೊದಲು ಜಾರಾ ಕಂಪನಿಯ ಉಡುಪುಗಳ ಪೈಕಿ ಜರ್ಮನಿ, ಲಾಟ್ವಿಯಾಗಳಲ್ಲಿ ಹೆಚ್ಚುಕಡಿಮೆ ಒಂದೇ ಬೆಲೆ ಇದ್ದದ್ದು ಶೇ 6ಕ್ಕೆ. ಸೇರಿದ ಕೂಡಲೇ ಅದು ಶೇ 89ಕ್ಕೆ ಜಿಗಿಯಿತು. ಹಿಂದೆ ದರ ಕಟ್ಟಿಹಾಕಿದ್ದರೂ ಆಗದ ಕೆಲಸ ಬೆಲೆಚೀಟಿಯಲ್ಲಿ ಒಂದೇ ಚಿಹ್ನೆ ಬಂದಾಗ ಆಯಿತು. ಅಂಕಿ ನೇರವಾಗಿ ಹೋಲಿಸಲು ಸಿಕ್ಕಾಗ ಎರಡು ಊರಿಗೆ ಎರಡು ಬೆಲೆ ಇಡುವುದು ಕಂಪನಿಗೂ ಕಷ್ಟ.

> ಗಡಿಯ ಅಗಲ ಎಷ್ಟು?
> ಅರ್ಥಶಾಸ್ತ್ರಜ್ಞ ಜಾನ್ ಮೆಕ್ಯಾಲಮ್ 1995ರಲ್ಲಿ ಕೆನಡಾ-ಅಮೆರಿಕ ವ್ಯಾಪಾರದ ಲೆಕ್ಕ ತೆಗೆದರು. ದೂರ ಮತ್ತು ಆರ್ಥಿಕತೆಯ ಗಾತ್ರ ಸಮನಾಗಿದ್ದರೂ ಕೆನಡಾದ ಪ್ರಾಂತ್ಯಗಳು ಅಮೆರಿಕದ ರಾಜ್ಯಗಳ ಜೊತೆಗಿಂತ ತಮ್ಮೊಳಗೆ ಸುಮಾರು 22 ಪಟ್ಟು ಹೆಚ್ಚು ವ್ಯಾಪಾರ ಮಾಡುತ್ತಿದ್ದವು. ಒಂದೇ ಹಣ ಬಂದರೆ ವ್ಯಾಪಾರ ಮೂರು ಪಟ್ಟಾಗುತ್ತದೆ ಎಂದು 2000ದಲ್ಲಿ ಆಂಡ್ರ್ಯೂ ರೋಸ್ ಅಂದಾಜಿಸಿದರು. ಯೂರೊ ಬಗ್ಗೆ ನಂತರ ನಡೆದ ಅಧ್ಯಯನಗಳು ಅದಕ್ಕಿಂತ ಬಹಳ ಕಡಿಮೆ ಹೆಚ್ಚಳ ಕಂಡವು.

ಬಿಯರ್ ಪೆಟ್ಟಿಗೆಗಳ ಮೆರವಣಿಗೆ

ಗಡಿಯ ನಿಜವಾದ ಪಾಠ ಕಲಿಸಿದ್ದು ಮದ್ಯ.

ಹೆಲ್ಸಿಂಕಿಯಿಂದ ತಾಲಿನ್‌ಗೆ ಸಮುದ್ರದ ಮೇಲೆ ಸುಮಾರು 80 ಕಿ.ಮೀ., ಹಡಗಿನಲ್ಲಿ ಎರಡು ಗಂಟೆ. ಫಿನ್ಲೆಂಡಿನಲ್ಲಿ ಮದ್ಯದ ಮೇಲೆ ಭಾರಿ ಸುಂಕ. ಹಾಗಾಗಿ ಫಿನ್ನರು ತಾಲಿನ್‌ಗೆ ಬಂದು ಬಿಯರ್ ಪೆಟ್ಟಿಗೆಗಳನ್ನು ತಳ್ಳುಗಾಡಿಯಲ್ಲಿ ಪೇರಿಸಿಕೊಂಡು ಹಡಗು ಹತ್ತುತ್ತಿದ್ದರು. 2011ರಿಂದ ಎರಡೂ ಕಡೆ ಯೂರೊ. ಹೋಲಿಸುವುದು ಇನ್ನೂ ಸುಲಭವಾಯಿತು.

ಆಮೇಲೆ ಎಸ್ಟೋನಿಯಾ ಅಬಕಾರಿ ಸುಂಕವನ್ನು ಹಂತ ಹಂತವಾಗಿ ಏರಿಸಿತು. 2017ರ ಜುಲೈನಲ್ಲಿ ಬಿಯರ್ ಮೇಲಿನ ಸುಂಕ ಒಂದೇ ಸಲಕ್ಕೆ ಶೇ 70ರಷ್ಟು ಏರಿತು. ಕುಡಿತ ತಗ್ಗಿಸುವುದು, ಬೊಕ್ಕಸ ತುಂಬಿಸುವುದು ಎರಡೂ ಉದ್ದೇಶ. ಲಾಟ್ವಿಯಾದಲ್ಲಿ ಸುಂಕ ಕಡಿಮೆಯೇ ಇತ್ತು. ಎಸ್ಟೋನಿಯನ್ನರು ಕಾರು ತೆಗೆದುಕೊಂಡು ದಕ್ಷಿಣಕ್ಕೆ ಹೊರಟರು. ಹಡಗಿನಲ್ಲಿ ಕಾರು ತಂದ ಫಿನ್ನರೂ ಅವರನ್ನು ಹಿಂಬಾಲಿಸಿದರು. ವಲ್ಕಾದಲ್ಲಿ, ಕರಾವಳಿಯ ಐನಾಜಿಯಲ್ಲಿ ಗೋದಾಮಿನಷ್ಟು ದೊಡ್ಡ ಮದ್ಯದಂಗಡಿಗಳು ಎದ್ದವು. ಅಲ್ಲಿ ಮಾರಾಟವಾದ ಬಿಯರಿನಲ್ಲಿ ಎಸ್ಟೋನಿಯಾದಲ್ಲೇ ತಯಾರಾದದ್ದೂ ಬಹಳ. ಅದು ಗಡಿ ದಾಟಿ ದಕ್ಷಿಣಕ್ಕೆ ಹೋಗಿ, ಗಿರಾಕಿಯ ಕಾರಿನ ಡಿಕ್ಕಿಯಲ್ಲಿ ಮತ್ತೆ ಉತ್ತರಕ್ಕೆ ಬರುತ್ತಿತ್ತು.

ನಿರೀಕ್ಷಿಸಿದ ಸುಂಕ ಎಸ್ಟೋನಿಯಾದ ಬೊಕ್ಕಸಕ್ಕೆ ಬರಲಿಲ್ಲ. ಗಿರಾಕಿ ಅಷ್ಟು ದೂರ ಹೋದ ಮೇಲೆ ದಿನಸಿ, ಪೆಟ್ರೋಲನ್ನೂ ಅಲ್ಲೇ ಕೊಂಡ. ದಕ್ಷಿಣ ಎಸ್ಟೋನಿಯಾದ ಅಂಗಡಿಗಳು ಸೊರಗಿದವು. 2019ರ ಜುಲೈ 1ರಂದು ಪ್ರಧಾನಿ ಯೂರಿ ರತಾಸ್ ಅವರ ಸರ್ಕಾರ ಬಿಯರ್ ಮತ್ತು ಕಡುಮದ್ಯದ ಸುಂಕವನ್ನು ಶೇ 25ರಷ್ಟು ಇಳಿಸಿತು. ಒಂದೇ ತಿಂಗಳಲ್ಲಿ ಲಾಟ್ವಿಯಾ ತನ್ನ ಕಡುಮದ್ಯದ ಸುಂಕವನ್ನು ಶೇ 15ರಷ್ಟು ತಗ್ಗಿಸಿ ಉತ್ತರ ಕೊಟ್ಟಿತು.

ಮೊದಲಾಗಿದ್ದರೆ ಇಂಥ ವ್ಯತ್ಯಾಸವನ್ನು ವಿನಿಮಯ ದರ ಸ್ವಲ್ಪವಾದರೂ ಮಸುಕುಗೊಳಿಸುತ್ತಿತ್ತು. ಈಗ ಒಂದು ಸರ್ಕಾರ ಸುಂಕ ತಿದ್ದಿದರೆ ಅದರ ಪರಿಣಾಮ ಪಕ್ಕದ ಊರಿನ ಬೆಲೆಚೀಟಿಯ ಎದುರು ಹಗಲಿನಷ್ಟು ಸ್ಪಷ್ಟ. ಕನ್ನಡ ಓದುಗರಿಗೆ ಇದು ಹೊಸತಲ್ಲ. ಗೋವಾ, ಕರ್ನಾಟಕ ಎರಡರಲ್ಲೂ ನಡೆಯುವುದು ರೂಪಾಯಿಯೇ. ಅಬಕಾರಿ ಸುಂಕ ಬೇರೆಯಾದ್ದರಿಂದ ಕಾರವಾರದ ಮಾಜಾಳಿ ಗಡಿಯಲ್ಲಿ ಇಂದಿಗೂ ವಾಹನಗಳ ತಪಾಸಣೆ ನಡೆಯುತ್ತದೆ.

> ಹಾಲಿ ಸಿಕ್ಕಾ ಕಾಲ
> ಬೀದರ್, ಕಲಬುರಗಿ, ರಾಯಚೂರು ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ಅಲ್ಲಿ ನಡೆಯುತ್ತಿದ್ದದ್ದು ಹಾಲಿ ಸಿಕ್ಕಾ ರೂಪಾಯಿ. ಪಕ್ಕದ ವಿಜಯಪುರ ಜಿಲ್ಲೆ ಮುಂಬೈ ಪ್ರಾಂತ್ಯದ್ದು, ಅಲ್ಲಿ ಬ್ರಿಟಿಷ್ ಭಾರತದ ರೂಪಾಯಿ. ಭಾರತದ 6 ರೂಪಾಯಿ ಸುಮಾರು 7 ಹಾಲಿ ಸಿಕ್ಕಾ ರೂಪಾಯಿಗೆ ಸಮ. 1948ರಲ್ಲಿ ಸಂಸ್ಥಾನ ವಿಲೀನವಾದ ಮೇಲೂ ಈ ರೂಪಾಯಿ ಕೆಲವು ವರ್ಷ ಚಲಾವಣೆಯಲ್ಲಿತ್ತು.

ಹೂಕೋಸು ತಂದ ಸಿಟ್ಟು

ಲಿಥುವೇನಿಯಾದ ಕಥೆಗೆ ಇನ್ನೊಂದು ಗಡಿ ಸೇರಿಕೊಂಡಿದೆ. ಅದರ ನೈಋತ್ಯಕ್ಕೆ ಪೋಲೆಂಡ್. ಅಲ್ಲಿ ಈಗಲೂ ಸ್ವಂತ ನಾಣ್ಯ ಜ್ಲಾಟಿ. ಯೂರೊ ಎದುರು ಜ್ಲಾಟಿ ಇಳಿದಾಗಲೆಲ್ಲ ಲಿಥುವೇನಿಯನ್ನರಿಗೆ ಪೋಲೆಂಡಿನ ಸುವಾಲ್ಕಿ ಪಟ್ಟಣ ಅಗ್ಗವಾಗುತ್ತದೆ. ವಾರಾಂತ್ಯದಲ್ಲಿ ಅಲ್ಲಿನ ಸೂಪರ್ ಮಾರ್ಕೆಟ್‌ಗಳ ಮುಂದೆ ಲಿಥುವೇನಿಯಾದ ನಂಬರ್ ಪ್ಲೇಟಿನ ಕಾರುಗಳು ಸಾಲುಗಟ್ಟುತ್ತವೆ. ಲಿಥುವೇನಿಯಾಕ್ಕೆ ಮೂವತ್ತು ಲಕ್ಷಕ್ಕೂ ಕಡಿಮೆ ಗಿರಾಕಿಗಳು, ಪೋಲೆಂಡಿಗೆ ಸುಮಾರು ನಾಲ್ಕು ಕೋಟಿ. ದೊಡ್ಡ ಮಾರುಕಟ್ಟೆಯ ಸಗಟು ಬೆಲೆಯೂ ಪೋಲೆಂಡಿನ ಕಡೆಗಿದೆ.

2016ರ ಮೇ ತಿಂಗಳಲ್ಲಿ ಈ ಸಿಟ್ಟು ಬೀದಿಗೆ ಬಂತು. ಒಂದು ಹೂಕೋಸಿಗೆ 3 ಯೂರೊಗೂ ಮಿಕ್ಕ ಬೆಲೆ ಕಂಡು ರೇಗಿದ ಜನ ದೊಡ್ಡ ಅಂಗಡಿಗಳ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಪತ್ರಿಕೆಗಳು ಅದನ್ನು ಹೂಕೋಸು ಕ್ರಾಂತಿ ಎಂದವು. ಯೂರೊ ಬಂದದ್ದರಿಂದಲೇ ಬೆಲೆ ಏರಿತೆಂದು ಹಲವರ ದೂರು. ಏರಿಕೆಗೆ ಮಾರುಕಟ್ಟೆಯಲ್ಲಿನ ಕೆಲವೇ ಸರಪಳಿ ಅಂಗಡಿಗಳ ಹಿಡಿತ, ಸಂಬಳದ ಏರಿಕೆಯಂಥ ಕಾರಣಗಳೂ ಇದ್ದವು.

2022ರ ಫೆಬ್ರುವರಿಯಿಂದ 2024ರ ಮಾರ್ಚ್‌ವರೆಗೆ ಪೋಲೆಂಡ್ ಮುಖ್ಯ ಆಹಾರ ಪದಾರ್ಥಗಳ ಮೇಲಿನ ವ್ಯಾಟ್ ಅನ್ನು ಶೂನ್ಯಕ್ಕೆ ಇಳಿಸಿತ್ತು. ಸುವಾಲ್ಕಿಯ ಸೆಳೆತಕ್ಕೆ ನಾಣ್ಯದ ಜೊತೆ ತೆರಿಗೆಯೂ ಸೇರಿತು.

> ಒಂದು ಗಲ್ಲಾ, ಎರಡು ಹಣ
> ಫಿನ್ಲೆಂಡಿನ ತೋರ್ನಿಯೊ, ಸ್ವೀಡನ್ನಿನ ಹಪರಂದಾ ಅಂಟಿಕೊಂಡೇ ಇರುವ ಊರುಗಳು. ಒಂದರಲ್ಲಿ ಯೂರೊ, ಇನ್ನೊಂದರಲ್ಲಿ ಕ್ರೋನ. ಗಡಿಯ ಅಂಗಡಿಗಳು ಎರಡನ್ನೂ ಪಡೆಯುತ್ತವೆ. 2006ರಲ್ಲಿ ಹಪರಂದಾದಲ್ಲಿ ತೆರೆದ ಐಕಿಯಾ ಮಳಿಗೆಗೆ ಗಡಿಯಾಚೆಯಿಂದಲೂ ಗಿರಾಕಿಗಳು ಬರುತ್ತಾರೆ.

ಸಂಬಳದ ಗೆರೆ

ವಲ್ಗಾ-ವಲ್ಕಾದಲ್ಲಿ ಇಂದು ಎದ್ದು ಕಾಣುವುದು ಸಂಬಳದ ಗಡಿ. 2025ರಲ್ಲಿ ತಿಂಗಳ ಕನಿಷ್ಠ ವೇತನ ಎಸ್ಟೋನಿಯಾದಲ್ಲಿ 886 ಯೂರೊ, ಲಾಟ್ವಿಯಾದಲ್ಲಿ 740 ಇತ್ತು. ಒಂದೇ ಬೀದಿಯ ಎರಡು ತುದಿಗಳಲ್ಲಿ ಅಂಗಡಿ ಸಹಾಯಕರಿಬ್ಬರ ಕನಿಷ್ಠ ಸಂಬಳಕ್ಕೆ 146 ಯೂರೊ ಅಂತರವಿತ್ತು. ಲಾಟ್ಸ್ ಇದ್ದಾಗ ಅದನ್ನು ತಿಳಿಯಲು ಲೆಕ್ಕ ಹಾಕಬೇಕಿತ್ತು, ಈಗ ಮಗುವಿಗೂ ಗೊತ್ತು. ವಲ್ಕಾದಲ್ಲಿ ಮನೆ, ವಲ್ಗಾದಲ್ಲಿ ಕೆಲಸ ಎಂಬ ಬದುಕು ಅಲ್ಲಿ ಸಾಮಾನ್ಯ. ಬಾಲ್ಟಿಕ್ ದೇಶಗಳಲ್ಲಿ ಕೊನೆಗೆ ಯೂರೊ ಸೇರಿದ ಲಿಥುವೇನಿಯಾದಲ್ಲಿ 2025ರ ಕನಿಷ್ಠ ವೇತನ 1,038 ಯೂರೊ, ಮೂರರಲ್ಲಿ ಅದೇ ಹೆಚ್ಚಾಗಿತ್ತು.

ವ್ಯಾಟ್‌ನಲ್ಲಿ ಲೆಕ್ಕ ತಿರುಗುಮುರುಗು. ಎಸ್ಟೋನಿಯಾ ಅದನ್ನು 2024ರಲ್ಲಿ ಶೇ 20ರಿಂದ 22ಕ್ಕೆ, 2025ರ ಜುಲೈನಲ್ಲಿ 24ಕ್ಕೆ ಏರಿಸಿತು. ಲಾಟ್ವಿಯಾದಲ್ಲಿ ಶೇ 21. ದುಡಿಮೆಗೆ ಉತ್ತರಕ್ಕೆ, ಖರೀದಿಗೆ ದಕ್ಷಿಣಕ್ಕೆ ಹೋಗುವುದು ಲಾಭ.

ಗಡಿ ಎಷ್ಟು ಬೇಗ ಮರಳಬಲ್ಲದು ಎಂಬುದನ್ನೂ ಈ ಊರು ಕಂಡಿದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಊರಿನ ನಡುವೆ ಮತ್ತೆ ತಡೆ ಎದ್ದಿತು. ಮೇ 15ರಂದು ಮೂರೂ ದೇಶಗಳು ತಮ್ಮೊಳಗಿನ ಗಡಿಗಳನ್ನು ತೆರೆದ ಮೇಲೆಯೇ ಓಡಾಟ ಸರಿಹೋದದ್ದು. ಆ ವಾರಗಳಲ್ಲೂ ಎರಡೂ ಕಡೆಯ ಹಣ ಒಂದೇ ಆಗಿತ್ತು.

ಡ್ಯಾನ್ಯೂಬ್ ದಡದಲ್ಲಿ ಮುಂದಿನ ಅಧ್ಯಾಯ

2026ರ ಜನವರಿ 1ರಂದು ಬಲ್ಗೇರಿಯಾ ಯೂರೊ ವಲಯದ 21ನೇ ಸದಸ್ಯ ದೇಶವಾಯಿತು. ಅದರ ಲೆವ್ ಕೂಡ ಕ್ರೂನ್‌ನಂತೆ ಮಾರ್ಕ್‌ಗೆ ಕಟ್ಟಿದ್ದ ನಾಣ್ಯ. 1997ರ ಭೀಕರ ಹಣದುಬ್ಬರದ ಬಳಿಕ ಆ ಬಿಗಿ ಏರ್ಪಾಡು ಬಂತು. ಹಾಗಾಗಿ 1 ಯೂರೊಗೆ ಹಿಂದೆ ಜರ್ಮನ್ ಮಾರ್ಕ್‌ಗಿದ್ದ 1.95583 ದರವೇ ಲೆವ್‌ಗೂ ಉಳಿಯಿತು. 2025ರ ಆಗಸ್ಟ್ 8ರಿಂದ ಅಂಗಡಿಗಳಲ್ಲಿ ಎರಡು ಬೆಲೆ ಬರೆಯುವುದು ಕಡ್ಡಾಯವಾಗಿತ್ತು. ಜನವರಿ ತಿಂಗಳಿಡೀ ಎರಡೂ ಹಣ ನಡೆದವು. ಬೆಲೆಯೇರಿಕೆಯ ಭಯ, ಸ್ವಂತ ನಾಣ್ಯ ಕಳೆದುಕೊಳ್ಳುವ ಅಳಲು, ಬೀದಿ ಪ್ರತಿಭಟನೆ ಅಲ್ಲೂ ಇದ್ದವು.

ಬಲ್ಗೇರಿಯಾಕ್ಕೆ ಈಗ ಎರಡು ಬಗೆಯ ಗಡಿ. ದಕ್ಷಿಣದಲ್ಲಿ ಗ್ರೀಸ್: ಎರಡೂ ಕಡೆ ಯೂರೊ, ಆದರೆ ವ್ಯಾಟ್ ಗ್ರೀಸ್‌ನಲ್ಲಿ ಶೇ 24, ಬಲ್ಗೇರಿಯಾದಲ್ಲಿ ಶೇ 20. ಪೆಟ್ರೋಲಿಗೂ ಹಲ್ಲಿನ ಚಿಕಿತ್ಸೆಗೂ ಗಡಿ ದಾಟಿ ಪೆತ್ರಿಚ್‌ಗೆ ಬರುವುದು ಗ್ರೀಕರಿಗೆ ಹಳೆಯ ರೂಢಿ. ವಲ್ಕಾದಲ್ಲಿ ಆದದ್ದು ಇಲ್ಲೂ ಆಗುವ ಸಂಭವ ಹೆಚ್ಚು, ಪೈಪೋಟಿ ಇನ್ನು ತೆರಿಗೆಯ ಮೇಲೆಯೇ.

ಉತ್ತರದಲ್ಲಿ ಡ್ಯಾನ್ಯೂಬ್ ನದಿ. ಬಲ್ಗೇರಿಯಾದ ರೂಸೆ, ರೊಮೇನಿಯಾದ ಜುರ್ಜು ಪಟ್ಟಣಗಳನ್ನು 1954ರ ಸೇತುವೆ ಜೋಡಿಸುತ್ತದೆ. 2007ರಲ್ಲಿ ಎರಡೂ ದೇಶಗಳು ಒಟ್ಟಿಗೆ ಒಕ್ಕೂಟ ಸೇರಿದವು. 2025ರ ಜನವರಿ 1ರಿಂದ ಅವುಗಳ ಭೂಗಡಿಯಲ್ಲಿ ಷೆಂಗೆನ್ ನಿಯಮ ಪೂರ್ತಿಯಾಗಿ ಜಾರಿಗೆ ಬಂತು. ಒಂದು ವರ್ಷದ ಬಳಿಕ ರೂಸೆಯಲ್ಲಿ ಯೂರೊ ಚಲಾವಣೆಗೆ ಬಂದಾಗ ಜುರ್ಜುವಿನಲ್ಲಿ ರೊಮೇನಿಯಾದ ಲೆಯು ಮುಂದುವರಿದಿತ್ತು.